ಮುಂಬಾಗಿಲು ತಡೆದ ದೊರಸಾನಿ

ಹೊಸಪೇಟೆ, ಮಿಶನ್ ಕಂಪೌಂಡು
ಶುಕ್ರವಾರ, ೨ನೇ ಜೂನ್ ೧೯೩೩

ನನ್ನ ಮುದ್ದಿನ ಮಗಳು ಫೀಬೆಗೆ,

ನಿನ್ನ ಅವ್ವ ತಾಯಕ್ಕನ ಆಶೀರ್ವಾದಗಳು. ನಾನು ನಡೆದಾಡುತ್ತಿದ್ದೇನೆ, ಎರಡು ಹೊತ್ತು ಉಣ್ಣುತ್ತಿದ್ದೇನೆ, ಸದ್ಯಕ್ಕೆ ಅಷ್ಟನ್ನೇ ಕ್ಷೇಮ ಎಂದು ತಿಳಿದುಕೋ. ನಿನ್ನ ಕಾಗದ ಬಂದು ಭಾಳ ದಿನವಾಯಿತು, ಉತ್ತರ ಬರೆಯಲಿಲ್ಲ ಎಂದು ಸಿಟ್ಟು ಮಾಡಬೇಡ. ಬರೆಯಲು ಕೂತು ಕೂತು ಎದ್ದೆ. ಅಕ್ಷರ ಸೊಟ್ಟ ಬಿದ್ದಿವೆ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಪ್ಲೇಗು ಬಂದು ಶಾಲೆ ಮುಚ್ಚಿತು, ಮತ್ತೆ ತೆರೆಯುವಷ್ಟರಲ್ಲಿ ನನ್ನ ಮದುವೆಯೇ ಆಗಿಹೋಗಿತ್ತು. ಆಮೇಲೆ ಕಲಿತದ್ದೆಲ್ಲ ಸತ್ಯವೇದವನ್ನು ಬೆರಳಿಟ್ಟು ಓದಿ ಓದಿ. ಈ ಕಾಗದವನ್ನು ಯಾರ ಮುಂದೆಯೂ ಗಟ್ಟಿಯಾಗಿ ಓದಬೇಡ, ಓದಿದ ಮೇಲೆ ಶಾಲೆಯ ಮೇಜಿನ ಮೇಲೆ ಬಿಡಬೇಡ. ಗಾಳಿಗೆ ಹಾರಿ ಯಾರ ಕೈಗೆ ಸಿಕ್ಕೀತೋ ಏನೋ.

ಮಳೆಗಾಲ ಮುಗಿದ ಮೇಲೆ ಸಂಡೂರಿಗೆ ಸೀಮೆಯಿಂದ ಇಬ್ಬರು ಹೊಸ ದೊರಸಾನಿಗಳು ಬರುತ್ತಾರೆ, ಅವರನ್ನು ಊರಿಗೆ ಹೊಂದಿಸುವ ಕೆಲಸವನ್ನು ನಿನಗೇ ಒಪ್ಪಿಸಿದ್ದಾರೆ, ಏನು ಮಾಡಬೇಕು, ಏನು ಮಾಡಬಾರದು ಹೇಳವ್ವಾ ಎಂದು ಬರೆದಿದ್ದೀ. ಎಷ್ಟೋ ಜನ ದೊರಸಾನಿಗಳನ್ನು ನೀನು ಕೈಹಿಡಿದು ನಡೆಸಿದವಳು ಎಂದೂ ಬರೆದಿದ್ದೀ. ಬೇಸಿಗೆಗೆ ಮೊದಲು ಕೇಳಿದ್ದರೆ ನಗುತ್ತಾ ಹಾಳೆಗಟ್ಟಲೆ ಬರೆಯುತ್ತಿದ್ದೆ. ಈಗ ನನಗೇ ಗೊತ್ತಿಲ್ಲದಂತಾಗಿದೆ ಮಗಳೇ. ನಮ್ಮ ಹೆಲೆನ್ ದೊರಸಾನಿಯನ್ನು ಮುಂದಿನ ಹಡಗಿಗೆ ಹತ್ತಿಸಿ ಸೀಮೆಗೆ ವಾಪಸು ಕಳಿಸುತ್ತಾರೆ ಎಂಬ ಮಾತು ಎದ್ದು, ನಿನ್ನೆ ಅದರ ಮೇಲೆ ಸಭೆ ಕೂಡಿ, ಅಲ್ಲಿ ನಡೆಯಬಾರದ್ದೆಲ್ಲ ನಡೆದುಹೋಯಿತು. ಎಲ್ಲಿಂದ ಶುರುಮಾಡಲಿ?

ನೀನು ಕೇಳಿದ್ದರಿಂದಲೇ ಶುರುಮಾಡುತ್ತೇನೆ. ಹೊಸಬರಿಗೆ ಎಲ್ಲರಿಗೂ ಒಂದೇ ಅವಸರ. ಪೆಟ್ಟಿಗೆ ಬಿಚ್ಚುವ ಮೊದಲೇ ಲೋಕ ಉದ್ಧಾರವಾಗಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಹಂಪೆಗೆ ನಡೆದೇ ಹೋಗುತ್ತೇವೆ ಎನ್ನುತ್ತಾರೆ. ಬೇಡ ಎಂದು ವಾದ ಮಾಡಬೇಡ, ಕಮಲಾಪುರ ಮುಟ್ಟುವಷ್ಟರಲ್ಲಿ ತಾವೇ ಬೇವಿನ ನೆರಳು ಹುಡುಕುತ್ತಾರೆ. ನೀನು ಕುದಿಸಿ ಆರಿಸಿದ ನೀರು ಹಿಡಿದು ಹಿಂದೆ ನಡೆದರೆ ಆಯಿತು. ಯಾರ ಮನೆಯಲ್ಲೂ ಎಡಗೈ ಚಾಚಬಾರದು, ಹೆಂಗಸಿನ ಬಾಯಿಂದ ಗಂಡನ ಹೆಸರು ಹೊರಡಿಸಬಾರದು, ಏಳುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕು, ಇವನ್ನು ಮೊದಲ ವಾರದಲ್ಲೇ ಕಲಿಸು. ಕೆಲವು ತಿಂಗಳಾದ ಮೇಲೆ ಒಂದು ದಿನ ಕಾರಣವಿಲ್ಲದೆ ಅಳುತ್ತಾರೆ. ಬಾಗಿಲು ಹಾಕಿಕೊಂಡು ಅಳುತ್ತಾರೆ. ಆಗ ಯಾಕೆ ಎಂದು ಕೇಳಲಿಕ್ಕೆ ಹೋಗಬೇಡ. ನಾನು ಅಡಿಗೆಮನೆಯಲ್ಲಿ ಕೂತು ಪಾತ್ರೆ ಸಪ್ಪಳ ಮಾಡುತ್ತಿದ್ದೆ. ಮನೆಯಲ್ಲಿ ಇನ್ನೊಂದು ಜೀವ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಅಳು ತಾನೇ ನಿಲ್ಲುತ್ತದೆ.

ಹೆಲೆನ್ ದೊರಸಾನಿ ಮಾತ್ರ ಅಳಲಿಲ್ಲ. ಬಂದು ಒಂದೂವರೆ ವರ್ಷವಾಯಿತು, ಒಮ್ಮೆಯೂ ಅತ್ತದ್ದು ನಾನು ಕಾಣೆ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು. ಇಪ್ಪತ್ತೈದು ತುಂಬದ ಹುಡುಗಿ, ಗುಬ್ಬಿಯಷ್ಟು ಉಣ್ಣುತ್ತಾಳೆ, ಹೋತದಷ್ಟು ಹಟ. ಚನ್ನಯ್ಯ ಮೇಷ್ಟ್ರು ಬೆಳಿಗ್ಗೆ ಪುಸ್ತಕದ ಕನ್ನಡ ಕಲಿಸಿ ಹೋದರೆ ಸಂಜೆ ನನ್ನ ಹತ್ತಿರ ಬಂದು ಇದನ್ನು ಬಾಯಲ್ಲಿ ಹೇಗೆ ಅನ್ನುತ್ತೀರಿ ಎಂದು ಕೇಳುತ್ತಿದ್ದಳು. ಮೇಷ್ಟ್ರಿಗೆ ಇದು ಸೇರುತ್ತಿರಲಿಲ್ಲ. ನಿಮ್ಮ ತಾಯಕ್ಕನ ಕನ್ನಡ ಪರೀಕ್ಷೆಗೆ ನಡೆಯೋದಿಲ್ಲ ಎಂದರಂತೆ. ಆಕೆ, ಕಂಪ್ಲಿ ಬಜಾರಿನಾಗ ನಿಮ್ಮ ಕನ್ನಡ ನಡೆಯೂದಿಲ್ಲಲ್ರಿ ಎಂದಳಂತೆ. ಮೇಷ್ಟ್ರು ಆ ದಿನ ಕಾಫಿ ಮುಟ್ಟದೆ ಎದ್ದುಹೋದರು.

ವಾರಕ್ಕೊಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ ಮನೆಮನೆಯ ಹೆಂಗಸರಿಗೆ ಓದುಬರಹ, ಹಾಡು, ವಾಕ್ಯ ಹೇಳಿಬರುವುದು. ಹೆಂಗಸರಿಗೆ ಆಕೆಯ ಫ್ರಾಕು ನೋಡಿ ಮರುಕ. ಮೈತುಂಬ ಬಟ್ಟೆ ಕೊಡಿಸುವವರು ಯಾರೂ ಇಲ್ಲೇನವ್ವ ಎಂದು ಅಂಚು ಹಿಡಿದು ನೋಡುತ್ತಿದ್ದರು. ಅದನ್ನು ಕೇಳಿ ಕೇಳಿ ಆಕೆ ಸೀರೆ ಉಡುತ್ತೇನೆ ಎಂದಳು. ನಾನೇ ಉಡಿಸಿದೆ ಫೀಬೆ. ನೆರಿಗೆ ಹಿಡಿಯಲು ಕಲಿಸಿ, ಸೆರಗು ಸೊಂಟಕ್ಕೆ ಸಿಗಿಸಿ, ಕನ್ನಡಿ ಮುಂದೆ ನಿಲ್ಲಿಸಿ ಹಿಗ್ಗಿದೆ. ಅದರಿಂದ ಏನು ಬರುತ್ತದೆ ಎಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ನೀನು ಬೋರ್ಡಿಂಗಿನಲ್ಲಿ ಬೆಳೆದವಳು, ನಿನಗೂ ಹೊಳೆಯಲಿಕ್ಕಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಆ ಮನೆಗಳಲ್ಲಿ ಬೇಕಾದ ಹೆಣ್ಣುಮಗಳು ಬಂದರೆ ಹೊರಡುವಾಗ ಆಕೆಯ ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ. ಹಾಗೆ ತುಂಬಿದ ಕೈ ತವರಿನ ಕೈ. ತುಂಬಿಸಿಕೊಂಡವಳು ಆ ಮನೆಯ ಮಗಳು. ಹಿಂದಿನ ದೊರಸಾನಿಗಳಿಗೆಲ್ಲ ಫ್ರಾಕು. ಎಲ್ಲಿ ತುಂಬೋಣವ್ವ, ನಿಮಗ ಉಡಿನೇ ಇಲ್ಲ ಎಂದು ಹೆಂಗಸರು ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೆಲೆನ್ ದೊರಸಾನಿಗೆ ಸೆರಗು ಕೊಟ್ಟೆ. ಸೆರಗಿನ ಜೊತೆ ಉಡಿಯೂ ಹೋಯಿತು.

ಭತ್ತದ ವ್ಯಾಪಾರದ ವಿರೂಪಾಕ್ಷಪ್ಪನವರ ಮನೆ ನೀನು ನೋಡಿದ್ದೀ. ಅಕ್ಕಿ ಗಿರಣಿಯ ಓಣಿಯಲ್ಲಿ ದೊಡ್ಡ ಬಾಗಿಲಿನ ಮನೆ. ನಮ್ಮವರು ಆ ಹೊಸ್ತಿಲು ದಾಟುವಂತಿಲ್ಲ. ದೊರಸಾನಿಗೆ ಒಳಗೆ ಚಾಪೆ, ನನಗೆ ಹೊರಗೆ ಕಟ್ಟೆ. ಹಾಡು ಬಂದಾಗ ನಾನು ಕಿಟಕಿಯ ಹತ್ತಿರ ಸರಿದು ದನಿ ಕೂಡಿಸುವುದು. ಮನೆಯ ಯಜಮಾನಿ ಅಕ್ಕನಾಗಮ್ಮ. ಒಬ್ಬಳೇ ಮಗಳು ಪಂಪಮ್ಮ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಆ ತಾಯಿ ನಕ್ಕದ್ದೇ ಇಲ್ಲ. ಮಗ ಹಾಲಸ್ವಾಮಿ. ಅವನ ಹೆಂಡತಿ ಬಸಕ್ಕ. ಆಕೆಗೆ ಮಕ್ಕಳಾಗಲಿಲ್ಲ. ಅದೇ ಆಕೆಯ ಅಪರಾಧ. ಬೆಳಿಗ್ಗೆ ಆಕೆಯ ಮುಖ ಕಂಡರೆ ವ್ಯಾಪಾರ ಕೆಡುತ್ತದೆ ಎಂದು ಅತ್ತೆ ಆಕೆಯನ್ನು ಮುಂಬಾಗಿಲಿಗೆ ಬರದಂತೆ ಮಾಡಿದ್ದಳು. ನೀರು ತರುವುದು, ಬಟ್ಟೆ ಒಗೆಯಲು ಹೋಗುವುದು, ಎಲ್ಲ ಹಿತ್ತಲ ಬಾಗಿಲಿನಿಂದ. ಒಳಗೆ ಪಾಠ ನಡೆಯುವಾಗ ಆಕೆ ಪಕ್ಕದ ಸಂದಿಯಿಂದ ಬಂದು ನನ್ನ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದಳು. ನಾನೂ ಹೊರಗಿನವಳು, ಆಕೆಯೂ ಹೊರಗಿನವಳು. ಎರಡು ಮಾತಾಡುತ್ತಿದ್ದೆವು.

ಉಡಿ ತುಂಬಿದ ದಿನ ನಾನು ಕಟ್ಟೆಯ ಮೇಲೆ ಕೂತು ಬಸ್ಸು ತಪ್ಪೀತು ಎಂದು ಚಡಪಡಿಸುತ್ತಿದ್ದೆ. ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಆಮೇಲೆ ನೋಡಿದರೆ ದೊರಸಾನಿ ಎರಡೂ ಕೈಯಲ್ಲಿ ಸೆರಗು ಹಿಡಿದು ಹೊಸ್ತಿಲು ದಾಟಿ ಬರುತ್ತಿದ್ದಾಳೆ. ಸೆರಗಿನ ತುಂಬ ಅಕ್ಕಿ, ಮೇಲೆ ಕೊಬ್ಬರಿ, ಹಣೆಗೆ ಮಾತ್ರ ಏನೂ ಇಲ್ಲ, ಅಷ್ಟು ಬುದ್ಧಿ ಇತ್ತು. ನಾನು ಕಟ್ಟೆಯಿಂದ ಎದ್ದುನಿಂತೆ. ಹಿಂದೆ ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ನನ್ನ ಪಂಪಮ್ಮ ಹೋದ ಮ್ಯಾಲೆ ಈ ಕೈ ಯಾರ ಉಡಿನೂ ತುಂಬಿರಲಿಲ್ಲ. ಇವತ್ತಿಂದ ಇದು ನಿನ್ನ ತವರಮನಿ, ಎಲೆನಮ್ಮ" ಎಂದಳು.

ಬಸ್ಸಿನಲ್ಲಿ ನಾನು ಒಂದೇ ಸಮನೆ ಗೊಣಗಿದೆ. ಯಾಕೆ ತಗೊಂಡಿರಿ, ಹಿರಿಯರಿಗೆ ಗೊತ್ತಾದರೆ ಏನು ಗತಿ ಎಂದೆ. ಕೊಟ್ಟದ್ದನ್ನು ನಿರಾಕರಿಸಬಾರದು ಎಂದು ನೀವೇ ಕಲಿಸಿದಿರಲ್ಲ ಎಂದಳು. ಅದು ನಿಜ, ಕಲಿಸಿದ್ದೆ. ಆಮೇಲೆ, ಹಾಗಾದರೆ ನಾನು ಆ ಮನೆಯ ಮಗಳೇನು ಎಂದು ಕೇಳಿದಳು. ಅದೊಂದು ಮಾತಿನ ಮಾತು, ಮರೆತುಬಿಡಿ ಎಂದೆ. ಆಕೆ ಕೊಬ್ಬರಿ ಮುರಿದು ಅರ್ಧ ನನಗೆ ಕೊಟ್ಟಳು. ತಿನ್ನಲೋ ಬಿಡಲೋ ಗೊತ್ತಾಗದೆ ಮನೆಯವರೆಗೆ ಕೈಯಲ್ಲೇ ಹಿಡಿದುಕೊಂಡು ಬಂದೆ.

ಆಮೇಲೆ ಹಾಲಸ್ವಾಮಿಗೆ ಎರಡನೆಯ ಮದುವೆ ಗೊತ್ತಾಯಿತು. ಎಮ್ಮಿಗನೂರಿನ ಹುಡುಗಿ, ವಿರುಪಮ್ಮ ಎಂದು. ಬಸಕ್ಕನಿಗೆ ಯಾರೂ ಹೇಳಲಿಲ್ಲವಂತೆ, ಒಲೆಗೆ ಸೌದೆ ಹೆಚ್ಚು ಬಂದು ಬಿದ್ದಾಗ ತಾನೇ ತಿಳಿದುಕೊಂಡಳಂತೆ. ಹೆಣ್ಣಿನ ಊರಿನಲ್ಲಿ ಧಾರೆಯಾಗಿ ಹೊಸ ಜೋಡಿ ಗಂಡಿನ ಮನೆಗೆ ಬಂದಾಗ ವರನ ತಂಗಿಯೋ ಅಕ್ಕನೋ ಬಾಗಿಲು ತಡೆಯುವ ಪದ್ಧತಿ ಇದೆ. ಹೊಸ್ತಿಲಲ್ಲಿ ದೀಪ ಹಚ್ಚಿಟ್ಟಿರುತ್ತಾರೆ. ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯೋ ಇಲ್ಲವೋ ಹೇಳು, ಆಗ ಬಾಗಿಲು ಬಿಡುತ್ತೇನೆ ಎಂದು ಆಕೆ ಕೇಳಬೇಕು, ಅಣ್ಣ ಕೊಟ್ಟೆ ಎನ್ನಬೇಕು, ಎಲ್ಲರೂ ನಗಬೇಕು. ನಗೆಯಾದರೂ ಅಲ್ಲಿ ಕೊಟ್ಟ ಮಾತು ಮಾತೇ. ದೀಪದ ಮುಂದೆ ಮನೆಮಗಳಿಗೆ ಕೊಟ್ಟ ಮಾತು ಮುರಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎನ್ನುತ್ತಾರೆ. ಪಂಪಮ್ಮ ಇಲ್ಲ. ಉಡಿ ತುಂಬಿಸಿಕೊಂಡವಳು ನೀನು, ನೀನೇ ಬಾಗಿಲಿಗೆ ನಿಲ್ಲಬೇಕು ಎಂದು ಅಕ್ಕನಾಗಮ್ಮ ಹೆಲೆನ್ ದೊರಸಾನಿಗೆ ಹೇಳಿದಳು.

ಮಿಶನ್ನಿನ ಹಿರಿಯರೆಲ್ಲ ಬೇಸಿಗೆಗೆ ಬೆಟ್ಟದ ಮೇಲೆ ಹೋಗಿದ್ದರು. ಪರೀಕ್ಷೆ ಇದೆ ಎಂದು ಈಕೆ ಇಲ್ಲೇ ಉಳಿದಿದ್ದಳು. ಕೇಳುವವರು ಯಾರೂ ಇರಲಿಲ್ಲ, ನನ್ನನ್ನೇ ಕೇಳಿದಳು. ಹೋಗಬೇಡಿ ಎಂದೆ. ಹೋಗುತ್ತೇನೆ ಎಂದಳು. ಹೋಗುವುದೇ ಆದರೆ ಒಂದು ಕುಪ್ಪಸದ ಕಣ ಕೇಳಿ, ಕೊಟ್ಟೆ ಎನ್ನುತ್ತಾರೆ, ನಗುತ್ತಾರೆ, ನೀವು ಪಕ್ಕಕ್ಕೆ ಸರಿದುಬಿಡಿ ಎಂದು ಕಲಿಸಿದೆ. ಅಷ್ಟೇ ಕಲಿಸಿದ್ದು ಫೀಬೆ, ಕುಪ್ಪಸದ ಕಣ. ಇದನ್ನು ನೆನಪಿಟ್ಟುಕೋ.

ಮದುವೆಯ ದಿನ ದೀಪ ಹಚ್ಚುವ ಹೊತ್ತಿಗೆ ಎತ್ತಿನ ಗಾಡಿಗಳು ಓಣಿಗೆ ಬಂದವು. ನಾನು ಅಂಗಳದ ಆಚೆ ಒಂದು ಗಾಡಿಯ ಪಕ್ಕ ನಿಂತಿದ್ದೆ. ಅಲ್ಲಿಂದ ಬಾಗಿಲು ನೇರ ಕಾಣುತ್ತಿತ್ತು. ವಿರುಪಮ್ಮ ಇನ್ನೂ ಹುಡುಗಿ, ಭಾರದ ಸೀರೆಯಲ್ಲಿ ಬೆವೆತು ಹೋಗಿದ್ದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರ ಹಿಂದೆ ನಮ್ಮ ಬಿಳೀ ಹುಡುಗಿ ಬಾಗಿಲ ಚೌಕಟ್ಟಿನ ಎರಡು ತೋಳಿಗೂ ಎರಡು ಕೈ ಚಾಚಿ ನಿಂತಿದ್ದಾಳೆ. ಹೆಂಗಸರ ಚೇಷ್ಟೆಗೆ ಮಿತಿಯೇ ಇಲ್ಲ.

"ಜಲ್ದಿ ಕೇಳವ್ವ ಎಲೆನಮ್ಮ, ಹುಡುಗಿ ಕಾಲು ಸೋತು ಬಿದ್ದಾಳ."

"ಈಕಿಗೆ ಮಗನೇ ಇಲ್ಲ, ಯಾರಿಗಂತ ಹೆಣ್ಣು ಕೇಳ್ತಾಳ?"

"ಸೀಮಿಯಾಗ ಒಬ್ಬಾಂವನ್ನ ಹುಡುಕಿ ಇಟ್ಟಿರ್ತಾಳ ಬಿಡ್ರಿ, ನಮ್ಮ ಮೊಮ್ಮಗಳು ಹಡಗ ಹತ್ತತಾಳ."

ಹಾಲಸ್ವಾಮಿಯೂ ನಕ್ಕ. "ಏನರ ಕೇಳವ್ವ, ಕೊಟ್ಟೆ ಅಂದ್ಕೋ" ಎಂದ. ಕೇಳುವ ಮೊದಲೇ ಕೊಟ್ಟುಬಿಟ್ಟ ನೋಡು, ಎಲ್ಲ ಗಂಡಸರೂ ಹಾಗೇ ಅನ್ನುತ್ತಾರೆ ಅಲ್ಲಿ.

ದೊರಸಾನಿ ನಗಲಿಲ್ಲ. ತಡವರಿಸಲೂ ಇಲ್ಲ.

"ಬಸಕ್ಕ ನನ್ನ ಅತ್ತಿಗಿ. ಆಕಿ ಹಿತ್ತಲಾಗ ಅದಾಳ. ಮೊದಲು ಆಕಿನ್ನ ಮುಂಬಾಗಲಿಂದ ಒಳಗ ಕರಕೊಂಡು ಬರ್ರಿ. ಆಕಿ ಬಂದ ಮ್ಯಾಲೆ ನೀವು ಬರ್ರಿ."

ಫೀಬೆ, ಓಲಗ ಊದುವವನು ಉಸಿರು ಎಳೆದವನು ಬಿಡಲಿಲ್ಲ. ನನ್ನ ಕೈಕಾಲು ತಣ್ಣಗಾದವು, ಗಾಡಿಯ ಗೂಟ ಹಿಡಿದುಕೊಂಡೆ. ಆ ಮಾತು ಆಕೆಗೆ ಎಲ್ಲಿಂದ ಬಂತೋ. ವಿರೂಪಾಕ್ಷಪ್ಪನವರ ಮುಖ ಕೆಂಡವಾಯಿತು. ಈಕಿಗೆ ಈ ಮಾತು ಯಾರು ಕಲಿಸಿದರು ಎಂದು ಅಂಗಳದ ಕಡೆ ತಿರುಗಿ ನೋಡಿದರು. ನಾನು ಗಾಡಿಯ ಹಿಂದಕ್ಕೆ ಸರಿದೆ. ಹಾಲಸ್ವಾಮಿ ನೆಲ ನೋಡುತ್ತಾ ನಿಂತ. ಯಾರೋ ಗಂಡಸರು ಆಕೆಯನ್ನು ಪಕ್ಕಕ್ಕೆ ಎಳೆಯಿರಿ ಎಂದು ಮುಂದೆ ಬಂದರು. ಆಗ ಅಕ್ಕನಾಗಮ್ಮ ಒಳಗಿನಿಂದ ಬಂದು ದೊರಸಾನಿಯ ಹಿಂದೆ ನಿಂತಳು. ಆಕೆಯ ಮುಖ ಕಲ್ಲಿನಂತಿತ್ತು. ಆಮೇಲೆ ಆಕೆ ಆಡಿದ್ದು ಸಂತೋಷದ ಮಾತಲ್ಲ, ಸಿಕ್ಕಿಬಿದ್ದವಳ ಮಾತು.

"ಆಕಿಗೆ ಕೈ ಹಚ್ಚಬ್ಯಾಡ್ರಿ. ಉಡಿ ತುಂಬಿದಾಕಿ ನಾನು. ಬಾಗಲಾಗ ನಿಂತ ಮಗಳ ಮಾತು ಮುರದು ಸೊಸಿನ್ನ ತಂದ್ರ ಆ ಸೊಸಿ ಹೊಟ್ಟ್ಯಾಗ ಏನ್ ಹುಟ್ಟತೈತಿ? ಕರೀರಿ ಬಸಕ್ಕನ್ನ."

ಮೊಮ್ಮಗನಿಗಾಗಿ ಇನ್ನೊಂದು ಮದುವೆ ಮಾಡಿದವಳು, ಮೊಮ್ಮಗನ ಆಸೆಗೇ ಹೆದರಿ ಬಗ್ಗಿದಳು. ಬಸಕ್ಕ ಮನೆಯ ಪಕ್ಕದ ಸಂದಿಯಿಂದ ಬಂದಳು. ಒಲೆಯ ಮುಂದೆ ಇದ್ದವಳು, ಕೈಯೆಲ್ಲ ಬೂದಿ, ಹೊಗೆಗೆ ಕಣ್ಣು ಕೆಂಪಾಗಿತ್ತು. ಏನಾಗುತ್ತಿದೆ ಎಂದು ತಿಳಿಯದೆ ಬೆದರಿದ ಎಮ್ಮೆಯ ಹಾಗೆ ನಿಂತುಬಿಟ್ಟಳು. ಅಷ್ಟು ಜನರಲ್ಲಿ ಯಾಕೋ ನನ್ನ ಕಡೆಗೇ ತಿರುಗಿ ನೋಡಿದಳು. ದೊರಸಾನಿ ಒಂದು ಕೈ ತೆಗೆದು ದಾರಿ ಬಿಟ್ಟಳು. ಬಸಕ್ಕ ಸೇರು ಒದೆಯಲಿಲ್ಲ, ಅದನ್ನು ಸುತ್ತುಬಳಸಿ ಬಲಗಾಲಿಟ್ಟು ಒಳಗೆ ಹೋದಳು. ಒಳಗೆ ಹೋಗುವಾಗ ಬೂದಿಯ ಕೈಯಿಂದ ಬಾಗಿಲ ತೋಳು ಮುಟ್ಟಿದಳು. ಅಲ್ಲಿ ಐದು ಬೆರಳಿನ ಗುರುತು ಮೂಡಿತು. ಆಮೇಲೆ ಹೊಸಬಳು ಬಂದಳು, ಓಲಗ ಊದಿದರು.

ಕಂಪ್ಲಿಯ ತರಕಾರಿ ಮಾರುವ ದ್ಯಾ‌ಮಕ್ಕ ಸಂತೆಗೆ ಬಂದಾಗ ಹೇಳಿದಳು. ಬಸಕ್ಕ ಈಗ ಕೊಡ ಹೊತ್ತು ಮುಂಬಾಗಿಲಿನಿಂದಲೇ ನೀರಿಗೆ ಹೋಗುತ್ತಾಳಂತೆ. ಅತ್ತೆ ಆಕೆಯ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ತಡೆಯುವುದಿಲ್ಲವಂತೆ. ಹೊಸ ಹುಡುಗಿ ಬಸಕ್ಕನ ಸೆರಗು ಹಿಡಿದುಕೊಂಡೇ ಓಡಾಡುತ್ತದಂತೆ, ಅದಕ್ಕೆ ಅತ್ತೆಯೆಂದರೆ ಅಷ್ಟು ಭಯ.

ಆದರೆ ನಮ್ಮ ಕಡೆ ಬೆಂಕಿ ಬಿತ್ತು. ವಿರೂಪಾಕ್ಷಪ್ಪನವರು ಆಳು ಕಳಿಸಿ ದೂರು ಹೇಳಿದರು. ಕಂಪ್ಲಿಯ ಬಜಾರಿನ ಬೀದಿಯಲ್ಲಿ ಒಂದು ಮನೆಯೂ ನಮಗೆ ಬಾಗಿಲು ತೆರೆಯಲಿಲ್ಲ. ಬೆಟ್ಟದಿಂದ ಮಿಶನ್ನಿನ ದೊಡ್ಡ ದೊರೆ ಇಳಿದು ಬಂದರು. ಸಭೆಯ ಹಿರಿಯರಾದ ಪಾಲಯ್ಯನವರು ಊರೆಲ್ಲ ಹೇಳಿಕೊಂಡು ತಿರುಗಿದರು: ಅನ್ಯರ ಮದುವೆಯಲ್ಲಿ, ಅನ್ಯರ ದೀಪದ ಮುಂದೆ, ಅನ್ಯರ ಮನೆಮಗಳಾಗಿ ನಿಂತಳು, ಅದೂ ಏನು ಗಳಿಸಿದಳು, ಒಂದು ಆತ್ಮವನ್ನಾದರೂ ಸಭೆಗೆ ತಂದಳೇ, ಅವರ ಸೊಸೆಯನ್ನು ಅವರ ಮನೆಗೇ ಸೇರಿಸಿ ಬಂದಳು ಎಂದು. ಇಂಥವಳನ್ನು ಇಟ್ಟುಕೊಂಡರೆ ಬೇರೆ ಊರಿನ ಬಾಗಿಲುಗಳೂ ಮುಚ್ಚುತ್ತವೆ, ಹಡಗು ಹತ್ತಿಸುವುದೇ ಸರಿ ಎಂದು ಮಾತಾಯಿತು. ನಾನು ಎಷ್ಟೋ ದಿನ ನಿದ್ದೆ ಮಾಡಲಿಲ್ಲ. ನಾನು ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಅದರ ಹಿಂದೆ ನಿನ್ನ ಕೆಲಸವೂ ಹೋದೀತು ಎಂದು ಒಂದು ಚಿಂತೆ. ಬಿಡದಿದ್ದರೆ ಆ ಹುಡುಗಿ ಹೋಗುತ್ತಾಳೆ.

ನಿನ್ನೆ ಬಂಗಲೆಯ ದೊಡ್ಡ ಕೋಣೆಯಲ್ಲಿ ಕೂಡಿದರು. ನಾನು ವರಾಂಡದಲ್ಲಿ ಕಂಬಕ್ಕೆ ಒರಗಿ ಕೂತಿದ್ದೆ. ಆಕೆಗೆ ಮತ್ತೆ ಫ್ರಾಕು ತೊಡಿಸಿದ್ದರು, ಅದರಲ್ಲಿ ಇನ್ನೂ ಸಣ್ಣವಳಾಗಿ ಕಂಡಳು. ದೊಡ್ಡ ದೊರೆ ನಮ್ಮ ಹಿರಿಯರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಕೇಳಿದರು, ಈ ಮಾತನ್ನು ನಿನಗೆ ಯಾರು ಕಲಿಸಿದರು ಎಂದು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಯಾರಾದರೂ ಕಲಿಸಿದ್ದಾರೆ ಎಂದರೆ ಬಿಟ್ಟುಬಿಡುತ್ತೇನೆ ಎನ್ನುವ ಹಾಗೆ ಇತ್ತು. ಯಾರೂ ಕಲಿಸಲಿಲ್ಲ, ನಾನೇ ಯೋಚಿಸಿ ಹೇಳಿದೆ ಎಂದಳು ಆಕೆ. ಮತ್ತೊಮ್ಮೆ ಕೇಳಿದರು. ಮತ್ತೆ ಅದೇ ಹೇಳಿದಳು. ನಿಜವನ್ನೇ ಹೇಳುತ್ತಿದ್ದಳು ಪಾಪ, ನಿಜ ಹೇಳಿ ಹಡಗು ಹತ್ತಲಿದ್ದಳು.

ನಾನು ಎದ್ದೆ. ಯಾಕೆ ಎದ್ದೆ ಎಂದು ಈಗಲೂ ತಿಳಿಯದು. ಒಳಗೆ ಹೋಗಿ ಆಕೆಯ ಪಕ್ಕ ನಿಂತು ಹೇಳಿದೆ.

"ಆ ಮಾತು ನಾನು ಕಲಿಸಿದ್ದುರಿ. ಆಕಿದು ತಪ್ಪಿಲ್ಲ. ಹೊಸಬಾಕಿ, ನಾ ಹೇಳಿದಂಗ ಹೇಳಿದ್ಲು."

ಸಭೆಯ ಮುಂದೆ, ಸತ್ಯವೇದ ಮೇಜಿನ ಮೇಲಿರುವಾಗ, ಇಂಥ ಸುಳ್ಳು ಹೇಳಿದೆ ಫೀಬೆ. ನಿನಗೆ ಸುಳ್ಳಾಡಬೇಡ ಎಂದು ಬರಲು ಹಿಡಿದವಳು ನಾನು. ದೇವರು ಕ್ಷಮಿಸಲಿ. ದೊರಸಾನಿ ನನ್ನ ಕಡೆ ತಿರುಗಿ ಇಲ್ಲ, ಇಲ್ಲ ಎಂದಳು, ಆದರೆ ಆಕೆಯ ಮಾತನ್ನು ಯಾರು ಕೇಳುತ್ತಾರೆ? ನನ್ನ ಮಾತು ಬಂದದ್ದೇ ತಡ, ಆ ಕೋಣೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಅದೇ ನನಗೆ ದೊಡ್ಡ ಆಘಾತ. ಪಾಲಯ್ಯನವರು ನಾನು ಮೊದಲೇ ಹೇಳಿದ್ದೆನಲ್ಲ, ನಮ್ಮವರೇ ಆ ಮಗುವಿನ ತಲೆ ಕೆಡಿಸಿರಬೇಕು ಎಂದರು. ದೊಡ್ಡ ದೊರೆ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಹೊಸಬರನ್ನು ನಂಬಿ ನಿನ್ನ ಕೈಗೆ ಕೊಟ್ಟೆವಲ್ಲ ತಾಯಕ್ಕ ಎಂದರು.

ಹೆಲೆನ್ ದೊರಸಾನಿ ಉಳಿದಳು. ಪರೀಕ್ಷೆ ಮುಗಿಸಬೇಕು, ಫ್ರಾಕು ತೊಡಬೇಕು, ಕಂಪ್ಲಿಗೆ ಹೋಗಬಾರದು, ಆದರೆ ಉಳಿದಳು. ನನ್ನನ್ನು ಮನೆಭೇಟಿಯಿಂದಲೂ ಹೊಸಬರ ಕೆಲಸದಿಂದಲೂ ತೆಗೆದು ಬೋರ್ಡಿಂಗಿನ ಅಡಿಗೆಮನೆಗೆ ಹಾಕಿದ್ದಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಕ್ಕಳಿಗೆ ಬಡಿಸುವುದು. ನಿನ್ನ ಕೆಲಸದ ಬಗ್ಗೆ ಏನೂ ಅನ್ನಲಿಲ್ಲ, ಆದರೂ ನೀನು ಹುಷಾರಾಗಿರು. ಸಂಜೆ ಆಕೆ ನನ್ನ ಮನೆಗೆ ಬಂದು ನೆಲದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು. ಆಗ ಅತ್ತಳು, ಮೊದಲ ಸಲ. ನಾನು ಎದ್ದು ಹೋಗಿ ಪಾತ್ರೆ ಸಪ್ಪಳ ಮಾಡಬೇಕಿತ್ತು, ಏಳಲಾಗಲಿಲ್ಲ.

ಇನ್ನು ನಿನಗೆ ಏನು ಹೇಳಲಿ? ನಿನ್ನ ಇಬ್ಬರಿಗೂ ನೀರು ಕುದಿಸಿ ಕೊಡು, ಬಿಸಿಲಿಗೆ ಕೊಡೆ ಹಿಡಿ. ಸೀರೆ ಕೇಳಿದರೆ ಸದ್ಯ ಬೇಡ ಎನ್ನು. ದಾರಿ ತೋರಿಸು, ನಿನ್ನ ಮನಸ್ಸು ತೋರಿಸಬೇಡ. ಮಳೆ ಶುರುವಾದರೆ ಸಂಡೂರಿನ ಘಟ್ಟದ ರಸ್ತೆಯಲ್ಲಿ ಕೆಂಪು ಕೆಸರು ಜಾರುತ್ತದೆ, ಗಾಡಿಯಲ್ಲಿ ಬರುವಾಗ ಇಳಿಯಬೇಡ. ಮೊಸರು ಬಿಡಬೇಡ, ನಿನಗೆ ಉಷ್ಣದ ಮೈ.

ನಿನ್ನ ದಾರಿ ನೋಡುತ್ತಿರುವ,
ಅವ್ವ
ತಾಯಕ್ಕ

ಕಾಗದ ಮಡಚಿ, ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದೆ. ಸಭೆಯಲ್ಲಿ ನಾನು ಆಡಿದ್ದು ಸುಳ್ಳಲ್ಲ ಮಗಳೇ. ಮೇಲೆ ನಿನಗೆ ಬರೆದದ್ದೇ ಸುಳ್ಳು. ಮನಸ್ಸು ತೋರಿಸಬೇಡ ಎಂದು ನಿನಗೆ ಬೋಧಿಸುವ ಅವ್ವ ತಾನೇ ಹೀಗೆ ಮಾಡಿದಳು ಎಂದು ಬರೆಯಲು ನಾಚಿಕೆಯಾಯಿತು. ಮದುವೆಗೆ ಮೊದಲಿನ ವಾರ ಕಂಪ್ಲಿಯ ಕಾಲುವೆಯ ದಂಡೆಯಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಕುಪ್ಪಸದ ಕಣದ ಮಾತು ಹೇಳಿದೆ, ಅದು ನಿಜ. ಆಕೆ ಅದನ್ನು ಕೇಳಿಸಿಕೊಂಡು, ತಾಯಕ್ಕ, ನೀವು ಆ ಮನಿ ಮಗಳಾಗಿದ್ರ ಏನ್ ಕೇಳ್ತಿದ್ರಿ ಎಂದಳು. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಆ ಓಣಿಯಲ್ಲಿ ನನ್ನ ಉಡಿ ಯಾರು ತುಂಬುತ್ತಾರೆ, ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುವವರು? ಆದರೆ ಮಾತು ಒಳಗೆ ತಯಾರಾಗಿ ಕೂತಿತ್ತೋ ಏನೋ, ಒಂದೇ ಉಸಿರಿಗೆ ಬಂತು: ಬಸಕ್ಕ ನನ್ನ ಅತ್ತಿಗಿ, ಮೊದಲು ಆಕಿನ್ನ ಮುಂಬಾಗಲಿಂದ ಕರಕೊಂಡು ಬರ್ರಿ, ಎಂದೆ. ಆಕೆ ಮತ್ತೆ ಹೇಳಿಸಿದಳು. ಬಸ್ಸು ಬರುವವರೆಗೆ ತಾನೂ ಹೇಳಿ ಹೇಳಿ ಬಾಯಿಗೆ ಹದ ಮಾಡಿಕೊಂಡಳು, ತಪ್ಪಿದಲ್ಲಿ ನಾನು ತಿದ್ದಿದೆ. ಪಾಠ ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ನೋಡಿದೆ. ಬಾಗಿಲಲ್ಲಿ ಅದು ಆಕೆಯ ಬಾಯಿಂದ ಒಂದಕ್ಷರ ಬಿಡದೆ ಬಂದಾಗ, ನಾನು ಕಾಲಿಡಲಾಗದ ಹೊಸ್ತಿಲ ಮೇಲೆ ನನ್ನ ಮಾತು ನಿಂತದ್ದು ಕಂಡು ಕೈಕಾಲು ತಣ್ಣಗಾದದ್ದು. ಯಾರೂ ಕಲಿಸಲಿಲ್ಲ ಎಂದು ಸತ್ಯವೇದದ ಮುಂದೆ ಸುಳ್ಳು ಹೇಳಿದವಳು ಆಕೆ, ನನ್ನ ಸಲುವಾಗಿ. ನಿನ್ನೆ ಸಂಜೆ ಕಣ್ಣೊರೆಸಿಕೊಂಡು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಆ ಮನೆಯ ಮಗಳಾಗಿದ್ದರೆ ನಿಮಗೆ ಇನ್ನೂ ಏನಾದರೂ ಕೇಳುವುದಿತ್ತೇ ಎಂದಳು. ಇಲ್ಲ ಎಂದು ಕಳಿಸಿದೆ. ಇವೆ ಫೀಬೆ, ಇನ್ನೂ ಇವೆ. ನಾಳೆ ಬಂದು ಮತ್ತೆ ಕೇಳಿದರೆ ಹೇಳಿಬಿಡುತ್ತೇನೆಂದು ಹೆದರಿಕೆಯಾಗುತ್ತಿದೆ.